ನಮ್ಮ ಸ್ಪ್ಲೆಂಡರ್‌ಗೆ ಪಿಕಪ್ ಕೊಡಿಸಿದ ಕಥೆ

ಒಂದೇ ವರ್ಷದಲ್ಲಿ ಮೂರು ಸಲ ಹಾಗಾಯಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಹೆಣ ಎತ್ತಿ ಆಗಿತ್ತು, ಲಾರಿ ಬದಿಗೆ ಸರಿಸಿ ಆಗಿತ್ತು. ರಸ್ತೆ ಮೇಲೆ ಉಳಿದದ್ದು ಒಂದು ಚಪ್ಪಲಿ, ಗಾಜಿನ ಚೂರು, ರಕ್ತದ ಮೇಲೆ ಯಾರೋ ಎರಚಿದ ಮಣ್ಣು. ಅದನ್ನೇ ಫೋಟೊ ಹೊಡೆದು ಕಳಿಸಿದರೆ ಡೆಸ್ಕಿನಿಂದ ಫೋನು: ‘ಮಣ್ಣಿಂದು ಫೋಟೊ ತಗೊಂಡು ಏನ್ ಮಾಡೋದ್ರಿ? ಗಾಡಿದು ಇಲ್ಲೇನು?’ ಗಾಡಿಯ ಫೋಟೊ ಆಗಲೇ ಬೇರೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತಿರುಗುತ್ತಿರುತ್ತಿತ್ತು.

ನಾವು ಎಂದರೆ ಇಬ್ಬರು, ಸಂತೆಕಲ್ಲೂರಿನವರು. ಒಬ್ಬ ಸೋದರಮಾವನ ಮಗ, ಇನ್ನೊಬ್ಬ ಸೋದರತ್ತೆಯ ಮಗ. ಪತ್ರಿಕೋದ್ಯಮ ಡಿಪ್ಲೊಮಾ ಒಂದೇ ವರ್ಷ ಮುಗಿಸಿ ಒಂದೇ ಪತ್ರಿಕೆಗೆ ಬಿಡಿ ಸುದ್ದಿಗಾರರಾದೆವು. ಒಬ್ಬ ಬರೆಯುತ್ತಾನೆ, ಒಬ್ಬ ಫೋಟೊ ಹೊಡೆಯುತ್ತಾನೆ. ಹೆಸರು ಬಂದರೆ ಒಬ್ಬನದೇ ಬರುತ್ತದೆ, ಗೌರವಧನ ಬಂದರೆ ಇಬ್ಬರಿಗೂ ಹಂಚಿಕೆ. ಬೈಕ್ ಒಂದೇ. ಈ ಬರಹದಲ್ಲಿ ಗಾಡಿ ಓಡಿಸಿದವರು ಯಾರು, ಹಿಂದೆ ಕೂತವರು ಯಾರು ಎಂದು ಕೇಳಬೇಡಿ. ಎಲ್ಲಾ ಕಡೆಯೂ ನಾವೇ.

ನಮ್ಮ ಬೀಟು ಸಿಂಧನೂರು, ಮಸ್ಕಿ, ಲಿಂಗಸುಗೂರು. ಮೂರನ್ನೂ ಪೋಣಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 150ಎ ಹೋಗುತ್ತದೆ. ಸಿಂಧನೂರು ಕಡೆಯಿಂದ ಭತ್ತದ ಲಾರಿ, ಅಕ್ಕಿ ಲಾರಿ. ಈ ಕಡೆಯಿಂದ ಹತ್ತಿ ತುಂಬಿದ ಟ್ರ್ಯಾಕ್ಟರು. ಇವೆಲ್ಲದರ ನಡುವೆ ಹೊಲಕ್ಕೆ, ಗಾರೆ ಕೆಲಸಕ್ಕೆ, ಕಾಲೇಜಿಗೆ ಹೊರಟ ಬೈಕುಗಳು. ಈ ರಸ್ತೆ ಮೇಲೆ ಏನಾದರೂ ಆದರೆ ಸುದ್ದಿ ನಮ್ಮದು. ಆದರೆ ನಮ್ಮ ಬೈಕು 55 ದಾಟಿದರೆ ಕೆಮ್ಮುತ್ತಿತ್ತು. ಇಬ್ಬರು ಕೂತು ಎದುರುಗಾಳಿ ಬಂದರೆ ಮೂರನೇ ಗೇರಿಗೆ ಇಳಿಯುತ್ತಿದ್ದೆವು. ಟಿವಿ ಚಾನೆಲ್ಲಿನ ಹುಡುಗ 150 ಸಿಸಿ ಗಾಡಿಯಲ್ಲಿ ಹಾರನ್ ಹೊಡೆದು, ಕೈ ಬೀಸಿ ಮುಂದೆ ಹೋಗುತ್ತಿದ್ದ. ಆ ಕೈ ಬೀಸುವುದು ನಮ್ಮ ಹೊಟ್ಟೆಯೊಳಗೆ ಕೂತಿತ್ತು.

2008ರ ಹೀರೊ ಹೋಂಡಾ ಸ್ಪ್ಲೆಂಡರ್ ಪ್ಲಸ್ ಅದು. ನಮ್ಮ ಕೈಗೆ ಬರುವ ಹೊತ್ತಿಗೆ ಇಬ್ಬರು ಮಾಲೀಕರನ್ನು ಕಂಡಿತ್ತು, ಕಿಲೋಮೀಟರ್ ಮುಳ್ಳು ಯಾವತ್ತೋ ನಿಂತಿತ್ತು. ಆ ಇಂಜಿನ್ನಿನ ಲೆಕ್ಕ ನಮಗೆ ಈಗ ಬಾಯಿಪಾಠ: ಸಿಲಿಂಡರ್ ಅಗಲ 50 ಮಿಲಿಮೀಟರ್, ಪಿಸ್ಟನ್ ಏರಿ ಇಳಿಯುವ ದೂರ 49.5 ಮಿಲಿಮೀಟರ್, ಒಟ್ಟು 97.2 ಸಿಸಿ. ಶಕ್ತಿ ಸುಮಾರು ಏಳೂವರೆ ಹಾರ್ಸ್‌ಪವರ್. ಆಗ ಇದ್ಯಾವುದೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಒಂದೇ ಶಬ್ದ, ಪಿಕಪ್.

ನಮ್ಮ ಕಡೆ ಪಿಕಪ್ ಅಂದರೆ ಎಲ್ಲವೂ ಹೌದು. ಗಾಡಿ ಬೇಗ ಎದ್ದು ಓಡುವುದು, ದಿಬ್ಬ ಏರುವುದು, ಜೋರು ಹೋಗುವುದು, ಶಬ್ದ ಗಡಸಾಗಿರುವುದು, ಎಲ್ಲಕ್ಕೂ ಅದೇ ಹೆಸರು. ಯಾವುದು ಬೇಕು ಎಂದು ಮೆಕ್ಯಾನಿಕ್ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇದೊಂದು ಶಬ್ದದಿಂದಲೇ ಅರ್ಧ ಕೆಲಸ ಕೆಟ್ಟಿತು ಎಂದು ಈಗ ಅನಿಸುತ್ತದೆ.

ಮೊದಲು ಹೋದದ್ದು ಸಿಂಧನೂರಿನ ಚಾಚಾ ಹತ್ತಿರ. ಅರವತ್ತು ದಾಟಿದವರು. ಯೆಜ್ಡಿ ಕಾಲದಿಂದ ಸ್ಪ್ಯಾನರ್ ಹಿಡಿದ ಕೈ. ಗಾಡಿಗೆ ಪಿಕಪ್ ಬೇಕು ಚಾಚಾ ಎಂದೆವು. ಅವರು ಕಿಕ್ಕರ್ ಅನ್ನು ಕಾಲಲ್ಲಲ್ಲ, ಕೈಯಲ್ಲಿ ಒತ್ತಿ ನೋಡಿದರು. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದರು. ಅದು ಅರ್ಧ ಸುತ್ತು ಹೋಗಿ ನಿಂತಿತು. ಚೈನನ್ನು ಬೆರಳಲ್ಲಿ ಎತ್ತಿ ಬಿಟ್ಟರು. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು. ಆಮೇಲೆ ಹೇಳಿದರು:

‘ತಮ್ಮಾ, ಕಂಪನಿಯೋರು ನಿಮಗ ಏಳೂವರಿ ಕುದುರಿ ಕೊಟ್ಟಾರ. ಅದ್ರಾಗ ಮೂರು ಕುದುರಿ ನೀವಾ ದಾರ್ಯಾಗ ಕಳಕೊಂಡೀರಿ. ಕಳಕೊಂಡಾವನ್ನ ಹುಡುಕೋದು ಬಿಟ್ಟು ಹೊಸಾವ್ ಕೇಳಾಕ ಬಂದೀರಿ.’

ಟ್ಯಾಪೆಟ್ ಸರಿ ಮಾಡಬೇಕು, ಕ್ಲಚ್ ಪ್ಲೇಟ್ ಸವೆದಿದೆ, ಹಿಂದಿನ ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ, ಚೈನ್ ಒಣಗಿದೆ, ಟೈರಿನಲ್ಲಿ ಗಾಳಿ ಇಲ್ಲ, ಕಾರ್ಬೊರೇಟರ್ ತೊಳೆಯಬೇಕು. ಅವರು ಹೇಳುತ್ತಾ ಹೋದರು. ನಮಗೆ ಬೇಜಾರಾಯಿತು. ಇದೆಲ್ಲ ರಿಪೇರಿ, ಪಿಕಪ್ ಅಲ್ಲ. ಗಾಡಿ ದವಾಖಾನೆಗೆ ಹೋಗಲಿ ಎಂದು ನಾವು ಹೋಗಿರಲಿಲ್ಲ, ಗರಡಿಮನೆಗೆ ಹೋಗಲಿ ಎಂದು ಹೋಗಿದ್ದೆವು. ಬರುತ್ತೇವೆ ಚಾಚಾ ಎಂದು ಎದ್ದು ಬಂದೆವು.

ಬೇರೆ ಊರಿನಲ್ಲಿ ಒಬ್ಬ ಹುಡುಗ ಸಿಕ್ಕ. ಅಂಗಡಿ ಹೆಸರು, ಊರಿನ ಹೆಸರು ಬೇಡ. ಅವನ ಗೋಡೆ ತುಂಬ ರೇಸ್ ಬೈಕಿನ ಚಿತ್ರ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಫೋಟೊಕ್ಕೆ ಊದುಬತ್ತಿ ಒಂದು ಹಚ್ಚಿರಲಿಲ್ಲ ಅಷ್ಟೆ. ಅವನು ನಮ್ಮ ಮಾತು ಪೂರ್ತಿ ಕೇಳಲೂ ಇಲ್ಲ. ‘ಆಗ್ತೈತ್ರಿ’ ಎಂದ. ನಮಗೆ ಬೇಕಾದದ್ದು ಆ ಉತ್ತರವೇ.

ಅವನು ನಾಲ್ಕು ಕೆಲಸ ಮಾಡಿದ. ಸೈಲೆನ್ಸರ್ ಕೊಯ್ದು ಒಳಗಿನ ಜಾಲಿ ತೆಗೆದು ಮತ್ತೆ ವೆಲ್ಡ್ ಹೊಡೆದ. ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟ: ‘ಇಂಜಿನ್ನಿಗೆ ಮೂಗು ಬಿಗಿ ಹಿಡದಂಗಿರ್ತೈತ್ರಿ, ಉಸುರು ಆಡ್ಲಿ ಬಿಡ್ರಿ.’ ಕಾರ್ಬೊರೇಟರಿನ ಜೆಟ್ ಬದಲಿಸಿ ಪೆಟ್ರೋಲ್ ಹೆಚ್ಚು ಬರುವಂತೆ ಮಾಡಿದ. ಮುಂದಿನ ಸ್ಪ್ರಾಕೆಟ್ 14 ಹಲ್ಲಿನದು ತೆಗೆದು 15 ಹಲ್ಲಿನದು ಹಾಕಿದ. ಹೆಡ್ ತೇಯಿಸಿ ಕಂಪ್ರೆಷನ್ ಏರಿಸೋಣ, ದೊಡ್ಡ ಬ್ಲಾಕ್ ಕೂರಿಸೋಣ ಎಂದೂ ಹೇಳಿದ. ದುಡ್ಡಿರಲಿಲ್ಲ. ದುಡ್ಡು ಇಲ್ಲದ್ದರಿಂದ ಉಳಿದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಇಂಜಿನ್ ಹೆಡ್ಡೂ ಒಂದು.

ಅವತ್ತು ಸಂಜೆ ಗಾಡಿ ಸ್ಟಾರ್ಟ್ ಮಾಡಿದಾಗ ಆದ ಖುಷಿಯನ್ನು ಸುಳ್ಳು ಹೇಳಿ ಮುಚ್ಚುವುದಿಲ್ಲ. ಏಳೂವರೆ ಕುದುರೆಯ ಗಾಡಿ ಹುಲಿಯ ಹಾಗೆ ಗುಡುಗಿತು. ಹಿಂದೆ ಕೂತವನು ಭುಜ ಹಿಡಿದು ಕೂತ. ಮಸ್ಕಿ ದಾಟಿ ಊರ ದಾರಿ ಹಿಡಿಯುವಾಗ ಗಾಳಿ ಕಿವಿಗೆ ಹೊಡೆಯುತ್ತಿತ್ತು. ಇಷ್ಟು ದಿನ ನಮ್ಮನ್ನು ಹಿಂದೆ ಹಾಕಿದವರ ಮುಖ ಒಂದೊಂದೇ ನೆನಪಾಯಿತು.

ಕಿಲೋಮೀಟರ್ ಮುಳ್ಳಿನ ಜೊತೆ ಸ್ಪೀಡಿನ ಮುಳ್ಳೂ ಕೆಟ್ಟಿತ್ತಾದ್ದರಿಂದ ನಿಜವಾಗಿ ಎಷ್ಟು ವೇಗ ಎಂದು ಗೊತ್ತಾಗಲಿಲ್ಲ. ವಾರದ ಮೇಲೆ ಮೊಬೈಲಿನ ಜಿಪಿಎಸ್ ಹಚ್ಚಿ ನೋಡಿದೆವು. ಇಳಿಜಾರಿನಲ್ಲಿ, ಗಾಳಿ ಬೆನ್ನಿಗಿದ್ದಾಗ, ಒಬ್ಬನೇ ಕೂತಾಗ 85. ಇಬ್ಬರು ಕೂತು ಸಪಾಟು ರಸ್ತೆಯಲ್ಲಿ 68. ದಿಬ್ಬ ಬಂದರೆ ಮೊದಲಿಗಿಂತ ಕಡೆ. ಒಂದು ಹಲ್ಲು ಹೆಚ್ಚಾದ ಸ್ಪ್ರಾಕೆಟ್ ಮಾಡುವುದೇ ಅದನ್ನು. ಇಂಜಿನ್ನಿನ ಅಷ್ಟೇ ಸುತ್ತಿಗೆ ಚಕ್ರ ಶೇ 7ರಷ್ಟು ಹೆಚ್ಚು ತಿರುಗುತ್ತದೆ, ಆದರೆ ಎಳೆಯುವ ಬಲ ಅಷ್ಟೇ ಕಡಿಮೆಯಾಗುತ್ತದೆ. ಶಕ್ತಿ ಎಲ್ಲಿಂದಲೂ ಬರಲಿಲ್ಲ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದಂತೆ.

ಇನ್ನು ಶಬ್ದ. ಜಾಲಿ ತೆಗೆದ ಸೈಲೆನ್ಸರ್ ಇಂಥ ಚಿಕ್ಕ ಇಂಜಿನ್ನಿಗೆ ಕೊಡುವುದು ಹೆಚ್ಚಾಗಿ ಸದ್ದನ್ನೇ. ಹೊಗೆ ಹೊರಗೆ ಹೋಗುವ ದಾರಿಯ ಉದ್ದ, ಅಗಲ, ತಡೆ ಎಲ್ಲವನ್ನೂ ಕಾರ್ಖಾನೆಯಲ್ಲಿ ಆ ಇಂಜಿನ್ನಿಗೇ ಹೊಂದಿಸಿರುತ್ತಾರೆ. ಒಂದನ್ನು ಕಿತ್ತರೆ ಕೆಳಗಿನ ವೇಗದ ಎಳೆತ ಹೋಗುತ್ತದೆ. ಆದರೆ ಕಿವಿ ಮೋಸ ಹೋಗುತ್ತದೆ. 60ರಲ್ಲಿ ಹೋಗುವಾಗ 90ರ ಸದ್ದು ಬಂದರೆ 90ರಲ್ಲಿ ಹೋಗುತ್ತಿದ್ದೇವೆ ಎಂದೇ ಮೈ ನಂಬುತ್ತದೆ. ನಾವು ಐದು ತಿಂಗಳು ಹಾಗೆ ನಂಬಿದೆವು.

ಮೈಲೇಜ್ 58ರಿಂದ 41ಕ್ಕೆ ಇಳಿಯಿತು. ಒಂದು ಅಪಘಾತದ ಸುದ್ದಿಗೆ ಬರುವ ದುಡ್ಡಿಗಿಂತ ಅದಕ್ಕೆ ಹೋಗಿಬರುವ ಪೆಟ್ರೋಲಿನ ದುಡ್ಡು ಹೆಚ್ಚಾಯಿತು. ಆದರೂ ಬಿಡಲಿಲ್ಲ.

ಉಳಿಯುವ ಸಮಯದ ಲೆಕ್ಕವನ್ನು ಆಗ ಹಾಕಿದ್ದರೆ ಚೆನ್ನಾಗಿತ್ತು. 30 ಕಿಲೋಮೀಟರ್ ದಾರಿಗೆ 60ರಲ್ಲಿ ಹೋದರೆ ಅರ್ಧ ಗಂಟೆ. 80ರಲ್ಲಿ ಹೋದರೆ ಇಪ್ಪತ್ತೆರಡೂವರೆ ನಿಮಿಷ. ಉಳಿದದ್ದು ಏಳೂವರೆ ನಿಮಿಷ, ಅದೂ ದಾರಿಯಲ್ಲಿ ಎತ್ತಿನ ಬಂಡಿ, ರಸ್ತೆ ಮೇಲೆ ಒಣಹಾಕಿದ ಜೋಳ, ಮಸ್ಕಿಯ ಜನಸಂದಣಿ ಯಾವುದೂ ಇಲ್ಲದಿದ್ದರೆ. ಹೆಣ ಎತ್ತುವ ಮೊದಲು ಮುಟ್ಟದೆ ಇದ್ದದ್ದು ಈ ಏಳೂವರೆ ನಿಮಿಷದಿಂದಲ್ಲ. ನಮಗೆ ಸುದ್ದಿ ತಿಳಿಯುವುದೇ ಅರ್ಧ ಗಂಟೆ ತಡವಾಗಿ. ಟಿವಿ ಹುಡುಗನಿಗೆ ಠಾಣೆಯಲ್ಲಿ ಸಂಬಂಧಿಕರಿದ್ದರು. ಅದಕ್ಕೆ ಯಾವ ಜೆಟ್ ಬದಲಿಸಿದರೂ ಆಗುವುದಿಲ್ಲ.

ಆ ದಿನಗಳಲ್ಲೇ ಜಿಲ್ಲೆಯ ಒಂದು ಪಟ್ಟಣದಲ್ಲಿ ಪೊಲೀಸರು ಪತ್ರಕರ್ತರನ್ನು ಕರೆದರು. ಕರ್ಕಶ ಸದ್ದಿನ ಸೈಲೆನ್ಸರ್‌ಗಳನ್ನು ವಶಪಡಿಸಿಕೊಂಡಿದ್ದೇವೆ, ಸಾರ್ವಜನಿಕವಾಗಿ ನಾಶ ಮಾಡುತ್ತೇವೆ ಎಂದು. ಇಂಥ ಸುದ್ದಿ ನೀವೂ ಬರೆದಿರುತ್ತೀರಿ: ಡಾಂಬರಿನ ಮೇಲೆ ಸೈಲೆನ್ಸರ್ ಸಾಲಾಗಿ ಮಲಗಿಸಿರುತ್ತಾರೆ, ರೋಡ್ ರೋಲರ್ ನಿಧಾನಕ್ಕೆ ಬರುತ್ತದೆ, ಎಲ್ಲರೂ ಬಗ್ಗಿ ಕೆಳಗಿನಿಂದ ಫೋಟೊ ಹೊಡೆಯುತ್ತಾರೆ. ನಾವೂ ಹೋದೆವು. ನಮ್ಮ ಗಾಡಿಯನ್ನು ಎರಡು ಓಣಿ ಆಚೆ, ಒಂದು ಹಿಟ್ಟಿನ ಗಿರಣಿಯ ಹಿಂದೆ ನಿಲ್ಲಿಸಿ ನಡೆದು ಹೋದೆವು. ಕೊನೆಯ ಇನ್ನೂರು ಮೀಟರ್ ಇಂಜಿನ್ ಆಫ್ ಮಾಡಿ ತಳ್ಳಿದ್ದು ಬೇರೆ.

ಅಧಿಕಾರಿ ಕಾನೂನು ಓದಿ ಹೇಳಿದರು, ನಾವು ಬರೆದುಕೊಂಡೆವು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪುಸ್ತಕದಲ್ಲಿರುವ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಮಾಲೀಕ ಹಾಗೆ ಬದಲಿಸಿದರೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿಯೊಂದು ಬದಲಾವಣೆಗೆ’ ಎಂಬಲ್ಲಿ ನಮ್ಮ ಪೆನ್ನು ನಿಂತಿತು. ಸೈಲೆನ್ಸರ್ ಒಂದು, ಫಿಲ್ಟರ್ ಎರಡು, ಜೆಟ್ ಮೂರು, ಸ್ಪ್ರಾಕೆಟ್ ನಾಲ್ಕು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ. ಗಾಡಿ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಸುದ್ದಿ ಮರುದಿನ ಬಂತು. ಮೂರು ಕಾಲಂ, ಫೋಟೊ ಸಹಿತ. ‘ಯುವಕರ ಮೋಜಿಗೆ ಕಡಿವಾಣ’ ಎಂಬ ಶೀರ್ಷಿಕೆ ನಾವೇ ಕೊಟ್ಟದ್ದು, ಡೆಸ್ಕ್ ಬದಲಿಸಲಿಲ್ಲ. ಆ ವರ್ಷ ನಮಗೆ ಸಿಕ್ಕ ದೊಡ್ಡ ಜಾಗ ಅದು. ಕತ್ತರಿಸಿ ಇಟ್ಟುಕೊಳ್ಳಲಿಲ್ಲ.

ಕುರಿಯ ವಿಷಯ ಆದದ್ದು ಅದಾಗಿ ಹದಿನೈದು ದಿನಕ್ಕೆ. ಸಂಜೆ ಐದೂವರೆ. ಹೆದ್ದಾರಿಯಲ್ಲಿ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿದೆ, ಒಬ್ಬ ಸ್ಥಳದಲ್ಲೇ ಎಂದು ಫೋನ್ ಬಂತು. ಈ ಸಲ ಫೋನ್ ನಮಗೇ ಮೊದಲು ಬಂದಿತ್ತು. ಹೊರಟೆವು. ಇಳಿಜಾರು, ಬೆನ್ನಿಗೆ ಗಾಳಿ. ತಿರುವಿನಲ್ಲಿ ಹೊರಳಿದರೆ ರಸ್ತೆ ತುಂಬ ಕುರಿ. ಇನ್ನೂರಾದರೂ ಇದ್ದವು. ಬ್ರೇಕ್ ಒತ್ತಿದೆವು. ಮುಂದಿನ ಡ್ರಮ್ 130 ಮಿಲಿಮೀಟರ್, ಹಿಂದಿನದು 110. ಏಳೂವರೆ ಕುದುರೆಗೆ ಸರಿಯಾಗಿ ಕೊಟ್ಟ ಬ್ರೇಕು ಅವು. ವೇಗ 60ರಿಂದ 85ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸರಿಯಾಗಿ ಎರಡು ಪಟ್ಟಾಗುತ್ತದೆ. ನಾಲ್ಕು ಕೆಲಸ ಮಾಡಿಸಿದ್ದೆವಲ್ಲ, ಅದರಲ್ಲಿ ಬ್ರೇಕಿನದು ಒಂದೂ ಇರಲಿಲ್ಲ. ನಮಗಾಗಲಿ ಆ ಹುಡುಗನಿಗಾಗಲಿ ಅದು ಹೊಳೆದೂ ಇರಲಿಲ್ಲ.

ಒಂದು ತಾಯಿ ಕುರಿ ಸತ್ತಿತು. ನಾವು ರಸ್ತೆ ಬದಿಯ ಜಾಲಿಗಿಡದಲ್ಲಿದ್ದೆವು. ಮೊಣಕೈ, ಮೊಣಕಾಲು ಸುಲಿದು ಹೋಗಿತ್ತು, ಕ್ಯಾಮೆರಾದ ಲೆನ್ಸ್ ಒಡೆದಿತ್ತು. ಕುರಿ ಕಾಯುವ ಮುದುಕ ಓಡಿ ಬಂದು ಮೊದಲು ನಮ್ಮನ್ನೇ ಎಬ್ಬಿಸಿದ. ತತ್ರಾಣಿಯಿಂದ ನೀರು ಕುಡಿಸಿದ. ಕಣ್ಣು ಬಿಟ್ಟು ನೋಡುತ್ತೇವೆ ಅಂತ ಖಾತ್ರಿಯಾದ ಮೇಲೆ ಕುರಿ ಹತ್ತಿರ ಹೋಗಿ ಕೂತ.

‘ಏನಪಾ, ಇಷ್ಟು ಗಡಿಬಿಡಿಲಿಂದ ಎಲ್ಲಿಗಿ ಹೊಂಟಿದ್ರಿ?’

‘ಪೇಪರಿನವರು ಮುತ್ಯಾ. ಮುಂದ ಆಕ್ಸಿಡೆಂಟ್ ಆಗೇತಿ. ಒಬ್ಬಾಂವ ಸತ್ತಾನ.’

ಮುದುಕ ನಮ್ಮನ್ನೂ ಗಾಡಿಯನ್ನೂ ಕುರಿಯನ್ನೂ ನೋಡಿದ. ‘ಸತ್ತಾಂವ ಎಲ್ಲಿಗಿ ಓಡಿ ಹೊಕ್ಕಾನಪಾ?’ ಎಂದ.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ. ಕುರಿಗೆ ಹನ್ನೆರಡು ಸಾವಿರ ಎಂದು ಅವನ ಮಗ ಬಂದ ಮೇಲೆ ತೀರ್ಮಾನವಾಯಿತು. ನ್ಯಾಯವಾದ ರೇಟೇ. ಮೂರು ಕಂತಿನಲ್ಲಿ ಕೊಟ್ಟೆವು. ಆ ಅಪಘಾತದ ಸುದ್ದಿಯನ್ನು ಆಸ್ಪತ್ರೆಯಲ್ಲಿ ಕೂತು, ಮೊಣಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ, ಪೊಲೀಸರು ಕಳಿಸಿದ ನಾಲ್ಕು ಸಾಲಿನಿಂದ ಬರೆದೆವು. ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಅದರಲ್ಲಿತ್ತು. ಪ್ರತಿ ಸಲ ಕಣ್ಣು ಮುಚ್ಚಿ ಟೈಪ್ ಮಾಡುವ ಶಬ್ದ. ಈ ಸಲ ‘ಎನ್ನಲಾಗಿದೆ’ ಎಂದು ಸೇರಿಸಿದೆವು. ಡೆಸ್ಕ್ ಅದನ್ನು ತೆಗೆಯಿತು.

ಇಂಜಿನ್ ಬೀಳಲು ಇನ್ನೂ ಒಂದು ತಿಂಗಳು ಹಿಡಿಯಿತು. ಮೊದಲು ಹಿಂದೆ ನೀಲಿ ಹೊಗೆ. ಆಮೇಲೆ ಆಯಿಲ್ ಕಡಿಮೆಯಾಗತೊಡಗಿತು. ಒಂಬೈನೂರು ಮಿಲಿ ಹಾಕಿಸಿದರೆ ಹದಿನೈದು ದಿನಕ್ಕೆ ಕಡ್ಡಿಯ ತುದಿಗೂ ಹತ್ತುತ್ತಿರಲಿಲ್ಲ. ಒಂದು ರಾತ್ರಿ ಲಿಂಗಸುಗೂರಿನಿಂದ ಬರುವಾಗ ಕರ‍್ ಎಂದು ಹಿಡಿದುಕೊಂಡು ನಿಂತೇ ಹೋಯಿತು. ಹತ್ತಿ ತುಂಬಿದ ಟ್ರ್ಯಾಕ್ಟರಿನ ಮೇಲೆ ಗಾಡಿ ಹಾಕಿ, ಹತ್ತಿಯ ಮೇಲೆ ಮಲಗಿ ಊರಿಗೆ ಬಂದೆವು. ಆ ಐದು ತಿಂಗಳಲ್ಲಿ ಅದೊಂದೇ ಸುಖದ ಪ್ರಯಾಣ.

ಚಾಚಾ ಹತ್ತಿರ ಹೋಗಲು ನಾಚಿಕೆ. ಆದರೂ ಹೋದೆವು. ‘ಬಂದ್ರೇನು’ ಎಂದರು, ಮತ್ತೇನೂ ಹೇಳಲಿಲ್ಲ. ಬಿಚ್ಚಿದರು. ಸಿಲಿಂಡರ್ ಒಳಗೆ ಮೇಲಿಂದ ಕೆಳಗೆ ಗೆರೆಗಳು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಪಿಸ್ಟನ್ ರಿಂಗಿನ ಅಂಚು ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿ ಒರೆಸಿ ನಮ್ಮ ಮುಂದೆ ಹಿಡಿದರು. ಕರಿ ಬೂದಿಯಂಥ ನುಣ್ಣನೆಯ ಧೂಳು.

‘ಇದು ನಿಮ್ಮ ಹೊಲದ ಮಣ್ಣು ತಮ್ಮಾ. ಇಲ್ಲೇನ್ ಬಿತ್ತಾಕ ಹಾಕೀರಿ?’

ಆವತ್ತು ಅವರು ವಿವರಿಸಿದ್ದನ್ನು ಆಮೇಲೆ ಲೆಕ್ಕ ಮಾಡಿ ನೋಡಿದೆವು. 97 ಸಿಸಿಯ ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6,000 ಸುತ್ತು ಎಂದರೆ ಮೂರು ಸಾವಿರ ಉಸಿರು. ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಗರಿಷ್ಠ 290 ಲೀಟರ್ ಗಾಳಿ, ಒಂದೇ ನಿಮಿಷದಲ್ಲಿ. ಹತ್ತಿ ಬಿಡಿಸುವ, ಜೋಳ ರಾಶಿ ಮಾಡುವ ಕಾಲದಲ್ಲಿ ನಮ್ಮ ದಾರಿಗಳ ಗಾಳಿ ಹೇಗಿರುತ್ತದೆ ನಿಮಗೆ ಗೊತ್ತು. ಮುಂದೆ ಒಂದು ಟ್ರ್ಯಾಕ್ಟರ್ ಇದ್ದರೆ ನಾವು ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೇವೆ. ಇಂಜಿನ್ನಿಗೆ ಕಟ್ಟಿದ್ದ ಟವೆಲ್ಲನ್ನು ನಾವೇ ಬಿಚ್ಚಿ ಎಸೆದಿದ್ದೆವು. ಆ ಧೂಳು ಎಣ್ಣೆಯ ಜೊತೆ ಸೇರಿದರೆ ಉಜ್ಜುವ ಪುಡಿಯೇ ಆಗುತ್ತದೆ, ಬಡಗಿಯ ಮರಳುಕಾಗದದ ಹಾಗೆ. ಒಕ್ಕಲುತನದ ಬಗ್ಗೆ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನೇ ಬರೆದ ಘನಮಠ ಶಿವಯೋಗಿಗಳ ಊರಿನವರಾಗಿ, ಮಣ್ಣು ಎಲ್ಲಿರಬೇಕು ಎಂಬುದು ನಮಗೆ ತಿಳಿಯದೆ ಹೋಯಿತು.

ಪ್ಲಗ್ ಓದುವುದನ್ನೂ ಚಾಚಾ ಅವತ್ತೇ ಕಲಿಸಿದರು. ಪ್ಲಗ್ಗಿನ ತುದಿ ಇಟ್ಟಿಗೆ ಬಣ್ಣಕ್ಕಿದ್ದರೆ ಇಂಜಿನ್ ಆರಾಮ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಬಿಸಿಯಾಗುತ್ತಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡಿದ್ದರೆ ರಿಂಗ್ ಹೋಗಿದೆ. ನಾಲ್ಕು ಸಾಲಿನಲ್ಲಿ ಪೂರ್ತಿ ವರದಿ. ಮೊದಲ ದಿನ ಅವರು ಬಿಸಿಲಿಗೆ ಹಿಡಿದು ಓದಿದ್ದು ಅದನ್ನೇ. ನಮಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳಿದವರನ್ನು ನಂಬಲೂ ಇಲ್ಲ.

ಬ್ಲಾಕನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಬೇಕಾಯಿತು. ಬೋರ್ ಮಾಡಿಸಿದರೆ ಗಾಡಿಗೆ ತಾಕತ್ತು ಹೆಚ್ಚಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಊರೂರಿಗೂ ಇದೆ. ಅದರ ಲೆಕ್ಕ ಇಷ್ಟೇ. ಸವೆದ ಗೋಡೆಯನ್ನು ಒಂದಿಷ್ಟು ಕೊರೆದು ನುಣುಪು ಮಾಡಿ, ಅಷ್ಟೇ ದಪ್ಪ ಹೆಚ್ಚಿರುವ ಪಿಸ್ಟನ್ ಹಾಕುತ್ತಾರೆ. ಓವರ್‌ಸೈಜ್ ಪಿಸ್ಟನ್ ಕಾಲು ಮಿಲಿಮೀಟರಿನ ಮೆಟ್ಟಿಲಲ್ಲಿ ಸಿಗುತ್ತದೆ: 0.25, 0.50, 0.75, ಕೊನೆಗೆ 1.00. ನಮ್ಮದಕ್ಕೆ ಗೆರೆ ಆಳವಾಗಿದ್ದರಿಂದ 0.50 ಬೇಕಾಯಿತು. 50 ಇದ್ದ ಅಗಲ 50.5 ಆಯಿತು, 97.2 ಸಿಸಿ ಹೋಗಿ 99.1 ಆಯಿತು. ಹೆಚ್ಚಾದದ್ದು ಎರಡು ಸಿಸಿಗೂ ಕಡೆ. ಬೋರ್ ಮಾಡಿಸಿದ ಗಾಡಿ ಜಿಗಿಯುವುದು ಆ ಎರಡು ಸಿಸಿಯಿಂದಲ್ಲ, ಸೋರಿಹೋಗುತ್ತಿದ್ದ ಕಂಪ್ರೆಷನ್ ಮತ್ತೆ ನಿಲ್ಲುವುದರಿಂದ. ಜನ ಹೊಸ ಶಕ್ತಿ ಬಂತು ಅನ್ನುತ್ತಾರೆ, ಬಂದದ್ದು ಹಳೆಯದೇ.

ಲೇತಿನವರು ಬರುವವರೆಗೆ ಚಾಚಾ ಹಳೆಯ ಕಾಲದ ಮಾತು ತೆಗೆದರು. ಅವರು ನಮ್ಮ ವಯಸ್ಸಿನಲ್ಲಿ ಇದೇ ಕೆಲಸ ಮಾಡಿದವರು, ಯಮಹಾ ಆರ್‌ಎಕ್ಸ್ 100 ಮೇಲೆ. 1985ರಿಂದ 1996ರವರೆಗೆ ಬಂದ ಗಾಡಿ. ಅದೂ 98 ಸಿಸಿಯೇ, ನಮ್ಮ ಸ್ಪ್ಲೆಂಡರಿನಷ್ಟೇ. ಆದರೆ ಹನ್ನೊಂದು ಹಾರ್ಸ್‌ಪವರ್. ಎರಡು ಸ್ಟ್ರೋಕಿನದಾದ್ದರಿಂದ ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತದೆ, ನಮ್ಮದು ಎರಡು ಸುತ್ತಿಗೊಮ್ಮೆ. ಅಂಥ ಇಂಜಿನ್ನಿನಲ್ಲಿ ನಮ್ಮದರಂಥ ವಾಲ್ವ್ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಹೊಗೆಯ ಕಿಂಡಿಯನ್ನು ಅರ ಹಾಕಿ ಮೇಲಕ್ಕೆ ಏರಿಸಿದರೆ ಜೋರು ಸುತ್ತಿನಲ್ಲಿ ಶಕ್ತಿ ಬರುತ್ತದೆ. ಅರ ಹಾಕಿದ ಅಂಚನ್ನು ದುಂಡಗೆ ಮಾಡದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ.

‘ನಾ ಎಷ್ಟು ಬ್ಲಾಕ್ ಅರ ಹಾಕೀನಿ ಲೆಕ್ಕಿಲ್ಲ’ ಎಂದರು. ‘ಮ್ಯಾಲ ಓಡ್ತಿದ್ವು, ಸಂತ್ಯಾಗ ನಿಧಾನ ಹೋಗು ಅಂದ್ರ ಬಂದ್ ಬೀಳ್ತಿದ್ವು. ಆ ಗಾಡಿ ತಗೊಂಡು ಹೋದ ಹುಡುಗ್ರಾಗ ಒಬ್ಬಾಂವ...’ ಎಂದು ನಿಲ್ಲಿಸಿದರು. ಚಹಾ ಹೇಳಿದರು. ನಾವು ಕೇಳಲಿಲ್ಲ. ವರದಿಗಾರರಾಗಿ ಕೇಳಬೇಕಾದ ಪ್ರಶ್ನೆ, ಕೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಯೆಜ್ಡಿ ಮಾತಿಗೆ ಹೊರಳಿದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, 250 ಸಿಸಿ. ಆ ಕಾರ್ಖಾನೆ ಮುಚ್ಚಿದ್ದೂ 1996ರಲ್ಲೇ. ಅವರ ಮೊದಲ ಸ್ಪ್ಯಾನರ್ ಸೆಟ್ ಯೆಜ್ಡಿಯ ಟೂಲ್ ಕಿಟ್ಟಿನದು, ಇನ್ನೂ ಇಟ್ಟಿದ್ದಾರೆ. ತೋರಿಸಿದರು. ಒಂದು ಸ್ಪ್ಯಾನರಿನ ಬಾಯಿ ಸವೆದು ಅಗಲವಾಗಿದೆ, ಈಗ ಅದರಿಂದ ಟ್ಯೂಬಿನ ಪಂಕ್ಚರ್ ಉಜ್ಜುತ್ತಾರೆ.

ಒಟ್ಟು ಆರೂವರೆ ಸಾವಿರ ಆಯಿತು. ಹೊಸ ಪಿಸ್ಟನ್, ರಿಂಗ್, ಬೋರಿಂಗ್, ಕ್ಲಚ್ ಪ್ಲೇಟ್, ಬ್ರೇಕ್ ಶೂ ಎರಡೂ ಕಡೆ, 14 ಹಲ್ಲಿನ ಸ್ಪ್ರಾಕೆಟ್ ಸಮೇತ ಚೈನ್ ಸೆಟ್, ಫಿಲ್ಟರ್, ಹಳೆಯ ನಂಬರಿನ ಜೆಟ್. ಸೈಲೆನ್ಸರ್ ಬೇರೊಂದು ಗಾಡಿಯದು, ಜಾಲಿ ಇರುವುದು. ಮೊದಲ ಐನೂರು ಕಿಲೋಮೀಟರ್ ನಲವತ್ತು ದಾಟಬೇಡಿ, ಒಂದೇ ವೇಗದಲ್ಲೂ ಹಿಡಿಯಬೇಡಿ, ಆಮೇಲೆ ಬಂದು ಆಯಿಲ್ ಬದಲಿಸಿ ಎಂದರು. ಹೊಸ ರಿಂಗ್ ಮತ್ತು ಹೊಸ ಗೋಡೆ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಆ ಉಜ್ಜಿದ ಕಬ್ಬಿಣದ ಪುಡಿ ಆಯಿಲ್ಲಿನಲ್ಲೇ ಇರುತ್ತದೆ.

ಊರಿಗೆ ಬಂದ ದಿನ ಗಾಡಿಯ ಸದ್ದು ಇಲ್ಲದ್ದರಿಂದ ಮನೆಯಲ್ಲಿ ಯಾರಿಗೂ ನಾವು ಬಂದದ್ದು ಗೊತ್ತಾಗಲಿಲ್ಲ. ಆದರೆ ಕಟ್ಟೆಯ ಮೇಲೆ ನಮ್ಮ ಓಣಿಯ ಅಕ್ಕ ಕೂತಿದ್ದಳು. ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಅವಳ ಮಗ ಪಿಯುಸಿ ಮುಗಿಸಿ ಮನೆಯಲ್ಲಿದ್ದಾನೆ. ಅವನೂ ಅವನ ಅಪ್ಪನ ಗಾಡಿಗೆ ಜಾಲಿ ತೆಗೆಸಿದ್ದ, ನಾವು ತೆಗೆಸಿದ ಅದೇ ಅಂಗಡಿಯಲ್ಲಿ. ಹಿಂದಿನ ದಿನ ಪೇಟೆಯಲ್ಲಿ ಪೊಲೀಸರು ಹಿಡಿದಿದ್ದರು. ‘ಪ್ರೆಸ್ಸಿನವರದ್ದೂ ಹಿಂಗಾ ಐತಲ್ರಿ’ ಎಂದು ಅವನು ಅವರಿಗೆ ಹೇಳಿದನಂತೆ. ಅದರಿಂದ ದಂಡ ಕಡಿಮೆಯೇನೂ ಆಗಲಿಲ್ಲ. ಐದು ಸಾವಿರ.

ಅಕ್ಕ ಬೈಯಲಿಲ್ಲ. ರಸೀದಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದಳು.

‘ತಮ್ಮಾ, ನೀವು ಓದಿದವ್ರು. ನಿಮ್ಮನ್ ನೋಡಿ ಕಲ್ತಾನ. ಪೇಪರಿನ್ಯಾಗ ಒಂದು ಬರೀತೀರಿ, ಗಾಡಿಗಿ ಒಂದು ಕಟ್ಟೀರಿ. ನಮ್ಮಂಥವ್ರ ಮಕ್ಕಳು ಯಾವುದು ನೋಡ್ಬೇಕು?’

ಆ ಮೂರು ಕಾಲಮ್ಮಿನ ಸುದ್ದಿಯನ್ನು ಅವಳು ಓದಿರಲಿಲ್ಲ, ಅವಳಿಗೆ ಓದಲು ಬರುವುದಿಲ್ಲ. ಮಗನೇ ಓದಿ ಹೇಳಿದ್ದನಂತೆ, ನಗುತ್ತಾ.

ಅವನನ್ನು ಮರುದಿನ ಸಿಂಧನೂರಿಗೆ ಕರೆದುಕೊಂಡು ಹೋದೆವು. ಮೂವರೂ ಒಂದೇ ಗಾಡಿ ಹತ್ತಲಿಲ್ಲ, ಅವನು ತನ್ನ ಅಪ್ಪನ ಗಾಡಿಯಲ್ಲಿ ಹಿಂದೆ ಬಂದ. ನಾವು ನಲವತ್ತರಲ್ಲಿ, ಅವನೂ ನಲವತ್ತರಲ್ಲಿ. ಎರಡು ಸಲ ಹಾರನ್ ಹೊಡೆದ, ಆಮೇಲೆ ಸುಮ್ಮನಾದ. ದಾರಿಯಲ್ಲಿ ಟಿವಿ ಹುಡುಗ ದಾಟಿ ಹೋದ, ಎಂದಿನಂತೆ ಕೈ ಬೀಸಿದ. ಚಾಚಾ ಹುಡುಗನ ಗಾಡಿಯ ಪ್ಲಗ್ ಬಿಚ್ಚಿ ನಮ್ಮ ಕೈಗೇ ಕೊಟ್ಟರು, ಓದಿ ಎಂದು. ಬೆಳ್ಳಗಿತ್ತು. ಜಾಲಿ ತೆಗೆದವನು ಅವನಿಗೆ ಜೆಟ್ ಬದಲಿಸಿರಲಿಲ್ಲ, ಅದಕ್ಕೆ ದುಡ್ಡು ಸಾಲದೆ ಹೋಗಿತ್ತಂತೆ. ಇನ್ನು ಒಂದು ಬೇಸಿಗೆ ಹೀಗೇ ಓಡಿಸಿದ್ದರೆ ಪಿಸ್ಟನ್ ಹೋಗುತ್ತಿತ್ತು ಎಂದು ಚಾಚಾ ಅವನಿಗೆ ಹೇಳಲಿಲ್ಲ, ನಮಗೆ ಹೇಳಿದರು. ನಾವು ಅವನಿಗೆ ಹೇಳಿದೆವು. ಅವನು ಪ್ಲಗ್ ತೆಗೆದುಕೊಂಡು ಬಿಸಿಲಿಗೆ ಹಿಡಿದು ತಾನೇ ನೋಡಿದ.

ಐದು ಸಾವಿರದಲ್ಲಿ ಎರಡೂವರೆ ಸಾವಿರವನ್ನು ಅಕ್ಕನಿಗೆ ಕೊಟ್ಟಿದ್ದೇವೆ. ಉಳಿದ ಅರ್ಧ ಬೇಡ ಎಂದಳು, ಆದರೂ ಹತ್ತಿ ಮುಗಿಯುವುದರೊಳಗೆ ಕೊಡಬೇಕು. ಕುರಿಯ ಕೊನೆಯ ಕಂತು ಈ ತಿಂಗಳು ತೀರುತ್ತದೆ. ಲೆನ್ಸ್ ಇನ್ನೂ ತಂದಿಲ್ಲ, ಮೊಬೈಲಿನಲ್ಲೇ ಹೊಡೆಯುತ್ತಿದ್ದೇವೆ. ಗಾಡಿಗೆ ಹೊಸ ಮೀಟರ್ ಕೇಬಲ್ ಹಾಕಿಸಿದ್ದರಿಂದ ಕಿಲೋಮೀಟರ್ ಮುಳ್ಳು ತಿರುಗುತ್ತಿದೆ. ಇವತ್ತಿಗೆ 380.